ಅತ್ತವರ ಸಾಲ: ಬಿನೋದಿನಿ ದಾಸಿ ಮತ್ತು ಅವರ ಪ್ರೇಕ್ಷಕರು



ರಂಗಭೂಮಿಯ ಹೆಸರಿನ ದತ್ತಿ ಉಪನ್ಯಾಸ ಎಂದರೆ ಮಾತು ನಾಟಕಕಾರರ ಕಡೆಗೋ ನಿರ್ದೇಶಕರ ಕಡೆಗೋ ಹೊರಳುವುದು ವಾಡಿಕೆ. ನಾನು ಇವತ್ತು ಒಬ್ಬ ನಟಿಯನ್ನು ಆರಿಸಿಕೊಂಡಿದ್ದೇನೆ. ಬಂಗಾಳದ ಬಿನೋದಿನಿ ದಾಸಿ. ಕಲ್ಕತ್ತೆಯ ವೃತ್ತಿರಂಗಭೂಮಿಯಲ್ಲಿ ಹನ್ನೆರಡು ವರ್ಷ ದುಡಿದು, ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿಗೇ ಬಣ್ಣ ಕಳಚಿ, ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಿ 1941ರಲ್ಲಿ ತೀರಿಕೊಂಡವರು. ಅವರ ಬದುಕಿನ ಕಥೆಯನ್ನು ಬಂಗಾಳದ ಜಾತ್ರಾ ಮೇಳಗಳು, ಸಿನಿಮಾದವರು, ನಾಟಕದವರು ಎಲ್ಲರೂ ಹೇಳಿದ್ದಾರೆ. ಹಾಗೆ ಹೇಳುವಾಗ ಬಹುಮಟ್ಟಿಗೆ ಕಣ್ಣೀರಿನ ಕಥೆಯಾಗಿಯೇ ಹೇಳಿದ್ದಾರೆ, ಆಕೆಯ ಕಣ್ಣೀರು. ನನಗೆ ಮುಖ್ಯವಾಗಿ ಕಾಣುವುದು ಆಕೆ ಹಾಕಿಸಿದ ಕಣ್ಣೀರು. ಒಂದು ಮಾತಿನಿಂದ, ಕೈಯೆತ್ತಿದ ಒಂದು ಭಂಗಿಯಿಂದ ಇಡೀ ಸಭಾಂಗಣವನ್ನು ಅಳಿಸಬಲ್ಲ ಹೆಂಗಸೊಬ್ಬಳ ಎದುರು ಕೂತು ಅತ್ತವರು, ಕಣ್ಣೊರೆಸಿಕೊಂಡು ಎದ್ದ ಮೇಲೆ ಆಕೆಯ ಜೊತೆ ಹೇಗೆ ನಡೆದುಕೊಂಡರು? ಇದೇ ನನ್ನ ವಿಷಯ.

ಕಾಲದ ಚಿತ್ರ ಸ್ವಲ್ಪ ಬೇಕು. 1873ರಲ್ಲಿ ಕಲ್ಕತ್ತೆಯಲ್ಲಿ ಬೆಂಗಾಲ್ ಥಿಯೇಟರ್ ಶುರುವಾದಾಗ ಕವಿ ಮೈಕೇಲ್ ಮಧುಸೂದನ ದತ್ತರು ಒಂದು ಸಲಹೆ ಕೊಟ್ಟಿದ್ದರು: ಹೆಣ್ಣಿನ ಪಾತ್ರಗಳನ್ನು ಹೆಂಗಸರೇ ಮಾಡಲಿ. ಥಿಯೇಟರಿನವರು ಒಪ್ಪಿದರು. ಗೌರವಸ್ಥ ಮನೆಗಳಿಂದ ಯಾರೂ ಬರುವಂತಿರಲಿಲ್ಲ, ಹಾಗಾಗಿ ವೇಶ್ಯೆಯರ ಓಣಿಗಳಿಂದ ನಾಲ್ವರನ್ನು ಕರೆತಂದರು. ಈಶ್ವರಚಂದ್ರ ವಿದ್ಯಾಸಾಗರರು ಆ ಥಿಯೇಟರಿನ ಸಲಹಾ ಸಮಿತಿಯಲ್ಲಿದ್ದವರು. ಈ ತೀರ್ಮಾನ ಒಪ್ಪದೆ ಹೊರಬಂದರು. ವಿಧವೆಯರ ಮರುಮದುವೆಗಾಗಿ ಇಡೀ ಸಮಾಜವನ್ನು ಎದುರು ಹಾಕಿಕೊಂಡ ಮಹಾನುಭಾವರು ಅವರು. ಅವರಂಥವರಿಗೂ ರಂಗದ ಮೇಲಿನ ಹೆಣ್ಣು ನುಂಗಲಾಗದ ತುತ್ತಾದಳು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಮನೆಯೊಳಗೆ ನೋಯುತ್ತಿದ್ದ ಹೆಣ್ಣಿಗೆ ಕರುಣೆ ತೋರುವುದು ಆ ಕಾಲದ ಉತ್ತಮರಿಗೆ ಸಾಧ್ಯವಿತ್ತು. ನೂರಾರು ಗಂಡಸರ ಕಣ್ಣನ್ನು ದಿಟ್ಟಿಸಿ ನಿಂತು, ಅವರ ಮನಸ್ಸನ್ನು ತನಗೆ ಬೇಕಾದ ಕಡೆ ತಿರುಗಿಸುವ ಹೆಣ್ಣನ್ನು ಎಲ್ಲಿ ಕೂರಿಸಬೇಕೆಂದು ಅವರಿಗೂ ತಿಳಿಯಲಿಲ್ಲ.

ಬಿನೋದಿನಿ ಹುಟ್ಟಿದ್ದು ಇಂಥದೇ ಒಂದು ಓಣಿಯಲ್ಲಿ, ಸುಮಾರು 1863ರಲ್ಲಿ. ಅಜ್ಜಿ, ತಾಯಿ, ಒಬ್ಬ ತಮ್ಮ, ಹೊಟ್ಟೆಗೆ ಹಿಟ್ಟಿಲ್ಲದ ಮನೆ. ಹೆಣ್ಣಿನ ಕಡೆಯಿಂದ ಬರುವ ಒಡವೆಯಿಂದ ನಾಲ್ಕು ದಿನ ಕಳೆಯಬಹುದೆಂದು ಪುಟ್ಟ ತಮ್ಮನಿಗೆ ಮದುವೆ ಮಾಡಿಸಿದ್ದರಂತೆ. ಆ ತಮ್ಮ ಬೇಗನೆ ಸತ್ತ. ಮನೆಯಲ್ಲಿ ಬಾಡಿಗೆಗಿದ್ದ ಗಂಗಾಬಾಯಿ ಎಂಬ ಗಾಯಕಿ ಹುಡುಗಿಗೆ ಹಾಡು ಕಲಿಸಿದರು. ಅವರ ಹಾಡು ಕೇಳಲು ಬರುತ್ತಿದ್ದ ನಾಟಕದವರ ಕಣ್ಣಿಗೆ ಹುಡುಗಿ ಬಿದ್ದಳು. ತಿಂಗಳಿಗೆ ಹತ್ತು ರೂಪಾಯಿ ಸಂಬಳಕ್ಕೆ ಗ್ರೇಟ್ ನ್ಯಾಷನಲ್ ಥಿಯೇಟರ್ ಸೇರಿದಳು. 1874ರ ಡಿಸೆಂಬರಿನಲ್ಲಿ ದ್ರೌಪದಿಯ ಸಖಿಯ ಸಣ್ಣ ಪಾರ್ಟು. ವಯಸ್ಸು ಹನ್ನೊಂದರ ಆಸುಪಾಸು.

ಆ ಮೊದಲ ರಾತ್ರಿಯನ್ನು ಬಿನೋದಿನಿ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಎದುರಿಗೆ ಉರಿಯುವ ದೀಪಗಳು, ಅದರಾಚೆ ಲೆಕ್ಕವಿಲ್ಲದಷ್ಟು ಕಣ್ಣುಗಳು. ಮೈ ಬೆವರಿ, ಎದೆ ಹೊಡೆದುಕೊಂಡು, ಕಾಲು ನಡುಗಿ, ಎಲ್ಲ ಮಂಜುಮಂಜಾಯಿತು. ಬಾಯಿಪಾಠ ಮಾಡಿದ್ದನ್ನು ಹೇಗೋ ಹೇಳಿ ಒಳಗೆ ಬಂದಾಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಹೊಸ ನಟನಟಿಯರ ನೆನಪುಗಳನ್ನು ಓದಿದವರಿಗೆ ಇದು ಹೊಸದೆನಿಸದು. ಆದರೆ ಇದರ ಮರುವರ್ಷವೇ ಆ ಹುಡುಗಿಗೆ ಪ್ರೇಕ್ಷಕರ ಇನ್ನೊಂದು ಮುಖ ಕಂಡಿತು. 1875ರಲ್ಲಿ ಕಂಪನಿ ದಿಲ್ಲಿ, ಲಾಹೋರ್, ಲಖನೌ ಕಡೆಗೆ ಪ್ರವಾಸ ಹೋಗಿತ್ತು. ಲಖನೌದಲ್ಲಿ ದೀನಬಂಧು ಮಿತ್ರರ ‘ನೀಲದರ್ಪಣ’. ನೀಲಿ ತೋಟದ ದೊರೆಗಳು ರೈತರ ಮೇಲೆ ನಡೆಸಿದ ದಬ್ಬಾಳಿಕೆಯ ನಾಟಕ ಅದು. ನೋಡಲು ಬಂದವರಲ್ಲಿ ಬಿಳಿಯರು ಬಹಳ ಮಂದಿ. ರೈತನ ಮಗಳ ಮೇಲೆ ಕೈಹಾಕಿದ ದೊರೆಯನ್ನು ತೋರಾಪ್ ಎಂಬ ರೈತ ಬಡಿಯುವ ದೃಶ್ಯ ಬಂದದ್ದೇ ತಡ, ಪ್ರೇಕ್ಷಕರಲ್ಲಿ ಗದ್ದಲವೆದ್ದಿತು. ಕೆಲವರು ಕತ್ತಿ ಹಿರಿದು ರಂಗದ ಮೇಲೇ ಹತ್ತಿದರು. ಆಟ ಅಲ್ಲಿಗೇ ನಿಂತಿತು. ಹೆಂಗಸರು ಮಕ್ಕಳೆಲ್ಲ ಗಡಗಡ ನಡುಗಿದರು, ಕಂಪನಿ ಗಂಟುಮೂಟೆ ಕಟ್ಟಿತು.

ಈ ಘಟನೆಯನ್ನು ಸಾಮಾನ್ಯವಾಗಿ ರಾಜಕೀಯ ಇತಿಹಾಸದ ಅಧ್ಯಾಯವಾಗಿ ಓದುತ್ತೇವೆ. 1876ರ ನಾಟಕ ಪ್ರದರ್ಶನ ಕಾಯಿದೆಯ ಹಿನ್ನೆಲೆಯಲ್ಲಿ ಹಾಗೆ ಓದಲೂಬೇಕು. ಹನ್ನೆರಡರ ಹುಡುಗಿಯೊಬ್ಬಳು ಅದರಿಂದ ಕಲಿತದ್ದು ಬೇರೆ. ದೀಪದಾಚೆಯ ಕಣ್ಣುಗಳು ಸುಮ್ಮನೆ ನೋಡುವ ಕಣ್ಣುಗಳಲ್ಲ. ತಮ್ಮನ್ನು ಯಾರೋ ಅಲುಗಾಡಿಸಿದರು ಎಂದು ಗೊತ್ತಾದ ಕ್ಷಣ ಅವು ದೀಪ ದಾಟಿ ಈಚೆ ಬರಬಲ್ಲವು. ಮುಂದೆ ಹತ್ತು ಹನ್ನೊಂದು ವರ್ಷ ಬಿನೋದಿನಿ ರಂಗಕ್ಕೆ ಬಂದಾಗಲೆಲ್ಲ ಈ ತಿಳಿವಳಿಕೆಯೂ ಜೊತೆಗೆ ಬಂದಿರಲೇಬೇಕು.

ಇನ್ನು ಅವರ ವಿದ್ಯೆಯ ಮಾತು. ಬಿನೋದಿನಿಯ ಕಥೆ ಹೇಳುವವರು ಇಲ್ಲಿ ಬೇಗ ದಾಟಿಹೋಗುತ್ತಾರೆ. ನನಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

1877ರ ಹೊತ್ತಿಗೆ ಅವರು ಗಿರೀಶಚಂದ್ರ ಘೋಷರ ತಂಡಕ್ಕೆ ಬಂದರು. ಗಿರೀಶರು ನಾಟಕಕಾರ, ನಟ, ತಾಲೀಮಿನ ಮೇಷ್ಟ್ರು ಎಲ್ಲವೂ ಹೌದು. ಪಾರ್ಟಿನ ಮಾತು ಬಾಯಿಪಾಠ ಮಾಡಿಸಿ ಬಿಡುವ ಮೇಷ್ಟ್ರಲ್ಲ ಅವರು. ಪಾತ್ರದ ಒಳಮನಸ್ಸನ್ನು ಮೊದಲು ಬಿಡಿಸಿ ಹೇಳುತ್ತಿದ್ದರು. ಶೇಕ್ಸ್‌ಪಿಯರ್, ಮಿಲ್ಟನ್, ಬೈರನ್‌ರನ್ನು ಕಥೆಯ ರೂಪದಲ್ಲಿ ಹೇಳಿ ಕೇಳಿಸುತ್ತಿದ್ದರು. ಇಂಗ್ಲೆಂಡಿನ ಎಲೆನ್ ಟೆರ್‍ರಿ ಅಂಥವರು ಹೇಗೆ ಅಭಿನಯಿಸುತ್ತಾರೆ ಎಂದು ವಿವರಿಸುತ್ತಿದ್ದರು. ಕಲ್ಕತ್ತೆಗೆ ಬರುತ್ತಿದ್ದ ಇಂಗ್ಲಿಷ್ ಕಂಪನಿಗಳ ಆಟ ನೋಡಿಬರಲು ಕಳಿಸುತ್ತಿದ್ದರು. ಶಾಲೆಯ ಓದು ಹೆಚ್ಚಿಲ್ಲದ ಹುಡುಗಿ ಇದನ್ನೆಲ್ಲ ಹೀರಿಕೊಂಡಳು. ಆಟ ಮುಗಿದು ಮನೆಗೆ ಬಂದ ಮೇಲೂ ಆ ಪಾತ್ರದ ನಡಿಗೆ, ನೋಟ, ದನಿಗಳೇ ತಲೆಯಲ್ಲಿ ಸುತ್ತುತ್ತಿದ್ದವು ಎಂದು ಆಕೆಯೇ ಬರೆದಿದ್ದಾರೆ.

ಫಲ ಏನು? ‘ಮೇಘನಾದವಧ’ದ ರಂಗರೂಪದಲ್ಲಿ ಒಬ್ಬರೇ ಏಳು ಪಾತ್ರ ಮಾಡಿದರು. ಪ್ರಮೀಳೆಯೂ ಅವರೇ, ಸೀತೆಯೂ ಅವರೇ, ಮಾಯೆಯೂ ಅವರೇ. ಬಂಕಿಮಚಂದ್ರರು ತಮ್ಮ ‘ಮೃಣಾಲಿನಿ’ಯ ನಾಟಕ ನೋಡಲು ಬಂದು, ಪುಸ್ತಕದಲ್ಲಿ ಬರೆದ ಮನೋರಮೆಯನ್ನು ಕಣ್ಣಾರೆ ಕಾಣುತ್ತೇನೆಂದು ಎಣಿಸಿರಲಿಲ್ಲ ಎಂಬರ್ಥದ ಮಾತಾಡಿದರಂತೆ. ಇನ್ನೂ ದೊಡ್ಡ ಪುರಾವೆ ಗಿರೀಶರ ಬರಹದಲ್ಲೇ ಇದೆ. ಒಂದೇ ರಾತ್ರಿ ‘ಚೈತನ್ಯ ಲೀಲಾ’ದಲ್ಲಿ ಚೈತನ್ಯನಾಗಿ ಜನರನ್ನು ಕರಗಿಸಿ, ಅದು ಮುಗಿಯುತ್ತಿದ್ದಂತೆ ‘ವಿವಾಹ ವಿಭ್ರಾಟ್’ ಪ್ರಹಸನದಲ್ಲಿ ಬಿಲಾಸಿನಿ ಕಾರ್‌ಫರ್ಮಾ ಎಂಬ ಹೊಸ ಫ್ಯಾಷನ್ನಿನ ಹೆಂಗಸಾಗಿ ಬಂದು ಅದೇ ಜನರನ್ನು ನಗಿಸುತ್ತಿದ್ದರು. ಬಣ್ಣ ಹಚ್ಚುವುದರಲ್ಲಿ, ಉಡುಪು ಆರಿಸುವುದರಲ್ಲಿ ಆಕೆಗಿದ್ದ ಕುಶಲತೆಯನ್ನು ಗಿರೀಶರು ಬಿಚ್ಚುಮನಸ್ಸಿನಿಂದ ಹೊಗಳಿದ್ದಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಪಳಗಿದವರಿಗೆ ಇದರ ಬೆಲೆ ಗೊತ್ತು. ಅಳುತ್ತಿದ್ದ ಪ್ರೇಕ್ಷಕರನ್ನು ಕಾಲುಗಂಟೆಯೊಳಗೆ ನಗಿಸಬೇಕಾದರೆ, ಅಳಿಸುವಾಗ ತಾನು ಪೂರ್ತಿ ಮುಳುಗಿಹೋಗಿರಬಾರದು. ಒಂದು ಕಾಲು ದಡದ ಮೇಲಿರಬೇಕು. ಭಕ್ತಿಯ ಆವೇಶ ಒಂದರಿಂದಲೇ ಆಗುವ ಕೆಲಸ ಇದಲ್ಲ.

ಈ ಶಕ್ತಿಯನ್ನು ಹೊತ್ತ ಹೆಣ್ಣು ರಂಗದಿಂದ ಇಳಿದ ಮೇಲೆ ಏನಾದಳು ಎಂಬುದಕ್ಕೆ ಅವರ ಆತ್ಮಕಥೆಯಲ್ಲಿ ಒಂದು ಬೆಳಗಿನ ಪ್ರಸಂಗವಿದೆ. ಹೊಸ ಥಿಯೇಟರ್ ಕಟ್ಟುವ ಮಾತು ನಡೆದಿದ್ದ ದಿನಗಳು. ಗುರ್ಮುಖ್ ರಾಯ್ ಎಂಬ ಮಾರ್ವಾಡಿ ತರುಣ, ಬಿನೋದಿನಿ ತನ್ನ ಆಶ್ರಯಕ್ಕೆ ಬಂದರೆ ಥಿಯೇಟರ್ ಕಟ್ಟಿಸಿಕೊಡುತ್ತೇನೆ ಎಂದಿದ್ದ. ಅದುವರೆಗೆ ಆಕೆಯನ್ನು ಇಟ್ಟುಕೊಂಡಿದ್ದ ಸಿರಿವಂತ ಯುವಕನಿಗೆ ಸುದ್ದಿ ಮುಟ್ಟಿತು. ಮುಂಜಾನೆ ಆಕೆ ಮಲಗಿದ್ದಾಗ ಕೋಣೆಗೆ ನುಗ್ಗಿದ. ಹಣ ಕೊಡುತ್ತೇನೆ, ಹೋಗಬೇಡ ಎಂದ. ಆಕೆ ಮಾತು ಕೊಟ್ಟಾಗಿದೆ, ತಪ್ಪಲಾರೆ ಎಂದರು. ಕತ್ತಿ ಎಳೆದು ಬೀಸಿದ. ಆಕೆ ಬಾಗಿ ತಪ್ಪಿಸಿಕೊಂಡರು. ಪೆಟ್ಟು ಪಕ್ಕದಲ್ಲಿದ್ದ ಹಾರ್ಮೋನಿಯಂ ಮೇಲೆ ಬಿದ್ದು ಮರದಲ್ಲಿ ಕಚ್ಚು ಬಿತ್ತು. ಮತ್ತೆ ಕೈಯೆತ್ತಿದಾಗ ಆ ಕೈ ಹಿಡಿದುಕೊಂಡು ಮಾತಾಡಿದರು: ನನ್ನ ಕಳಂಕದ ಬಾಳು ಇದ್ದರೇನು ಹೋದರೇನು, ನಿನ್ನ ಗತಿ, ನಿನ್ನ ಮನೆತನದ ಗತಿ ಏನಾದೀತು ಎಂದು. ಅವನು ಕತ್ತಿ ಎಸೆದು ಮುಖ ಮುಚ್ಚಿಕೊಂಡು ಕುಸಿದು ಕೂತ.

ಈ ಪುಟಗಳನ್ನು ಓದುವಾಗಲೆಲ್ಲ ನನಗೆ ಲಖನೌ ನೆನಪಾಗುತ್ತದೆ. ಅಲ್ಲಿ ಕತ್ತಿ ರಂಗ ಹತ್ತಿತು, ಇಲ್ಲಿ ಮಲಗುವ ಕೋಣೆಗೆ ಬಂತು. ಎರಡೂ ಕಡೆ ಕತ್ತಿ ಹಿಡಿದವರು ಪ್ರೇಕ್ಷಕರೇ. ಈ ಬೆಳಗಿನ ಪ್ರಸಂಗದಲ್ಲಿ ಹೆಂಗಸು ಪಾರಾದದ್ದು ಮಾತಿನಿಂದ. ಎದುರಿನವನ ಮನಸ್ಸು ಎಲ್ಲಿ ಮೆತ್ತಗಿದೆಯೆಂದು ಅರೆಕ್ಷಣದಲ್ಲಿ ಗುರುತಿಸಿ ಅಲ್ಲಿಗೇ ಮಾತು ಮುಟ್ಟಿಸುವ ವಿದ್ಯೆಯಿಂದ. ಅದು ರಂಗದ ವಿದ್ಯೆಯೇ. ಆದರೆ ಆ ವಿದ್ಯೆ ಜೀವ ಉಳಿಸಿತೇ ಹೊರತು ಆಯ್ಕೆ ಕೊಡಲಿಲ್ಲ. ಒಬ್ಬನಿಂದ ಬಿಡಿಸಿಕೊಂಡು ಇನ್ನೊಬ್ಬನ ಆಶ್ರಯಕ್ಕೆ ಹೋಗಬೇಕಾಯಿತು. ಗುರ್ಮುಖ್ ರಾಯ್ ಕೂಡ ಥಿಯೇಟರಿನ ಗೊಡವೆ ಬಿಟ್ಟು ಬಾ, 50,000 ರೂಪಾಯಿ ಕೊಡುತ್ತೇನೆ ಎಂದಿದ್ದ. ಬಿನೋದಿನಿ ಹಣ ಬೇಡ, ಥಿಯೇಟರ್ ಬೇಕು ಎಂದರು. ಆ ಕಾಲಕ್ಕೆ ಅಷ್ಟು ಹಣ ಎಂದರೆ ಜೀವಮಾನದ ನೆಮ್ಮದಿ. ಆಕೆಗೆ ಬೇಕಾಗಿದ್ದು ಪ್ರೇಕ್ಷಕರು.

ಕಟ್ಟಡ ಏಳುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಸಂಗಾತಿಗಳು ಆಸೆ ಹುಟ್ಟಿಸಿದ್ದರು: ಥಿಯೇಟರಿಗೆ ನಿನ್ನ ಹೆಸರೇ ಇಡುತ್ತೇವೆ, ‘ಬಿ ಥಿಯೇಟರ್’ ಎಂದು. ನೋಂದಣಿ ಮಾಡಿಸಿ ಬಂದವರನ್ನು ಆಕೆ ಕಾತರದಿಂದ ಕೇಳಿದರೆ ‘ಸ್ಟಾರ್’ ಎಂದರು. ವೇಶ್ಯೆಯ ಹೆಸರಿನ ಥಿಯೇಟರಿಗೆ ಜನ ಬರಲಾರರು ಎಂಬುದು ಅವರ ಅಂಜಿಕೆ. 1883ರ ಜುಲೈ 21ರಂದು ಬೀಡನ್ ಸ್ಟ್ರೀಟಿನ ಸ್ಟಾರ್ ಥಿಯೇಟರ್ ‘ದಕ್ಷಯಜ್ಞ’ದಿಂದ ಬಾಗಿಲು ತೆರೆಯಿತು. ಸತಿಯ ಪಾತ್ರದಲ್ಲಿ ಬಿನೋದಿನಿ. ಜನ ಕಿಕ್ಕಿರಿದು ಬಂದರು. ಯಾರನ್ನು ನೋಡಲು ಬಂದರು? ಯಾರ ಹೆಸರು ಬೋರ್ಡಿನ ಮೇಲಿದ್ದರೆ ಬರುವುದಿಲ್ಲ ಎಂದಿದ್ದರೋ ಆಕೆಯನ್ನೇ. ಮುಂದೆ ಗುರ್ಮುಖ್ ರಾಯ್ ವ್ಯವಹಾರ ಬಿಟ್ಟು ಹೊರಟಾಗ ಬಿನೋದಿನಿಗೆ ಒಡೆತನದ ಪಾಲು ಸಿಗಬೇಕೆಂದು ಬಯಸಿದ್ದ. ಗಿರೀಶರೇ ಆಕೆಯ ತಾಯಿಗೆ ಬುದ್ಧಿ ಹೇಳಿ ಅದು ಬೇಡವೆನ್ನಿಸಿದರು. ಥಿಯೇಟರ್ 11,000 ರೂಪಾಯಿಗೆ ನಾಲ್ಕು ಜನ ಗಂಡಸರ ಕೈಸೇರಿತು. ಗಿರೀಶರ ಪ್ರತಿಭೆಯ ಮೇಲೆ ನನಗೆ ಅಪಾರ ಗೌರವವಿದೆ. ಈ ವಿಷಯದಲ್ಲಿ ಅವರು ಮಾಡಿದ್ದು ಅನ್ಯಾಯ ಎಂದು ಸ್ಪಷ್ಟವಾಗಿ ಹೇಳಬೇಕು.

ಈಗ ಗಿರೀಶರ ‘ಚೈತನ್ಯ ಲೀಲಾ’. 1884ರ ಆಗಸ್ಟಿನಲ್ಲಿ ಮೊದಲ ಪ್ರದರ್ಶನ. ವೈಷ್ಣವ ಬಂಗಾಳದ ಅತ್ಯಂತ ಪವಿತ್ರ ಗಂಡಸಿನ ಪಾತ್ರವನ್ನು, ಆ ಸಮಾಜ ಅತ್ಯಂತ ಕೀಳೆಂದುಕೊಂಡ ಹೆಂಗಸು ಮಾಡಬೇಕು. ಬಿನೋದಿನಿ ಆಟದ ದಿನ ಬೆಳಿಗ್ಗೆ ಗಂಗಾಸ್ನಾನ ಮಾಡಿ, ದುರ್ಗೆಯ ಹೆಸರನ್ನು 108 ಸಲ ಬರೆದು, ಈ ಸಂಕಟದಿಂದ ಪಾರುಮಾಡೆಂದು ಚೈತನ್ಯನಲ್ಲೇ ಮೊರೆಯಿಡುತ್ತಿದ್ದರು. ನಿಮಾಯ್, ಅಂದರೆ ಚೈತನ್ಯ, ಸಂಸಾರ ತೊರೆದು ಹೊರಡುವ ಮುನ್ನ ತಾಯಿ ಶಚಿದೇವಿಯ ಜೊತೆ ಆಡುವ ಮಾತುಗಳ ದೃಶ್ಯವನ್ನು ಅವರು ವಿವರವಾಗಿ ಬರೆದಿದ್ದಾರೆ. ಹೆಂಗಸರು ಕೂರುವ ಕಡೆಯಿಂದ ಗೊಳೋ ಎಂಬ ಅಳು ಏಳುತ್ತಿತ್ತು. ಆ ಅಳು ಕೇಳಿ ಇವರ ಎದೆ ನಡುಗುತ್ತಿತ್ತು. ಎದುರಿಗೆ ಶಚಿಯ ಪಾತ್ರದವರ ಗೋಳು, ಒಳಗೆ ತನ್ನದೇ ಉಮ್ಮಳ, ಮುಂದೆ ಪ್ರೇಕ್ಷಕರ ಬಿಕ್ಕಳಿಕೆ. ಎಲ್ಲ ಸೇರಿ ಗಂಟಲು ಕಟ್ಟುತ್ತಿತ್ತು. ಕೆಲವು ರಾತ್ರಿ ಪ್ರಜ್ಞೆ ತಪ್ಪಿ ಬಿದ್ದದ್ದೂ ಉಂಟು.

ಒಂದು ಕಾಲು ದಡದ ಮೇಲಿರಬೇಕು ಎಂದೆನಲ್ಲ, ಕೆಲವು ರಾತ್ರಿ ಆ ಕಾಲೂ ಜಾರುತ್ತಿತ್ತು ಎಂದಾಯಿತು. ಪ್ರೇಕ್ಷಕರ ಮೇಲೆ ನಟಿಗೆ ಇರುವ ಹಿಡಿತ ಒಮ್ಮುಖದ ಹಿಡಿತವಲ್ಲ. ಅವರನ್ನು ಅಳಿಸಿದಷ್ಟೂ ಆ ಅಳು ತಿರುಗಿ ಆಕೆಯ ಮೇಲೆ ಬೀಳುತ್ತದೆ. ಅತ್ತ ಹೆಂಗಸರು ಯಾರು ಎಂಬುದನ್ನೂ ಯೋಚಿಸಬೇಕು. ಮರ್ಯಾದಸ್ಥ ಮನೆಗಳ ತಾಯಂದಿರು, ಹೆಂಡಂದಿರು. ತಮ್ಮ ಮನೆಯ ಹೊಸಿಲು ತುಳಿಯಲು ಬಿಡದ ಹೆಂಗಸಿನ ಬಾಯಿಂದ, ಮನೆಬಿಟ್ಟು ಹೋಗುವ ಮಗನ ಮಾತು ಕೇಳಿ ಅವರು ಅತ್ತರು. ಅಷ್ಟು ಹೊತ್ತು ಆಕೆ ಅವರ ಮಗನಾಗಿದ್ದರು. ಪರದೆ ಬಿದ್ದ ಮೇಲೆ ಮಗನಿಗಾಗಿ ಸುರಿದ ಕಣ್ಣೀರು ಈ ಹೆಂಗಸಿನ ಲೆಕ್ಕಕ್ಕೆ ಬರಲಿಲ್ಲ.

1884ರ ಸೆಪ್ಟೆಂಬರ್ 21ರಂದು ಶ್ರೀರಾಮಕೃಷ್ಣ ಪರಮಹಂಸರು ಈ ನಾಟಕಕ್ಕೆ ಬಂದರು. ನೋಡುತ್ತ ನೋಡುತ್ತ ಭಾವಸಮಾಧಿಗೆ ಹೋದರು. ಹೇಗಿತ್ತೆಂದು ಕೇಳಿದವರಿಗೆ, ಅಸಲು ನಕಲು ಒಂದಾಗಿ ಕಂಡವು ಎಂದು ಹೇಳಿದ್ದು ಅವರ ಮಾತುಗಳ ಸಂಗ್ರಹವಾದ ‘ಕಥಾಮೃತ’ದಲ್ಲಿ ದಾಖಲಾಗಿದೆ. ಕಾಲಿಗೆರಗಿದ ಬಿನೋದಿನಿಗೆ ಚೈತನ್ಯ ಲಭಿಸಲೆಂದು ಹರಸಿದರು. ಬಂಗಾಳದ ರಂಗಭೂಮಿಗೆ ಆ ದಿನ ಮರ್ಯಾದೆ ಬಂತು ಎಂದು ಇತಿಹಾಸಕಾರರು ಬರೆಯುತ್ತಾರೆ. ಅಲ್ಲಿನ ಗ್ರೀನ್‌ರೂಮುಗಳಲ್ಲಿ ಪರಮಹಂಸರ ಪಟ ಇಡುವ ರೂಢಿ ಬೆಳೆಯಿತು. ಆ ಹರಕೆ ಬಿನೋದಿನಿಗೆ ಎಷ್ಟು ದೊಡ್ಡದಾಗಿತ್ತೆಂದು ಅವರೇ ಬರೆದಿದ್ದಾರೆ. ಅದರ ಬಗ್ಗೆ ಅನುಮಾನದ ಮಾತು ನನ್ನದಲ್ಲ. ಪರಮಹಂಸರು ಆಕೆಯನ್ನು ಕಂಡ ರೀತಿ ಆ ಸಭಾಂಗಣದ ಬೇರೆ ಯಾರ ರೀತಿಗಿಂತಲೂ ಉದಾರವಾದದ್ದು, ಅಸಲು ನಕಲಿನ ಆ ಮಾತು ನಟನೆಯ ಬಗ್ಗೆ ಹೇಳಬಹುದಾದ ಅತ್ಯುನ್ನತ ಮಾತುಗಳಲ್ಲಿ ಒಂದು.

ನನ್ನ ತಕರಾರು ಉಳಿದವರ ಮೇಲೆ. ಅವರಿಗೆ ಇದು ಅನುಕೂಲದ ದಾರಿಯಾಯಿತು. ನಾವು ಅತ್ತದ್ದು ಆ ಹೆಂಗಸಿಗಾಗಿ ಅಲ್ಲ, ಮಹಾಪ್ರಭುವಿಗಾಗಿ. ಅಳಿಸಿದ್ದು ಆಕೆಯಲ್ಲ, ಗಿರೀಶರ ಲೇಖನಿ. ಪಾವನವಾದದ್ದು ಆಕೆಯ ಕಲೆಯಿಂದಲ್ಲ, ಪರಮಹಂಸರ ಪಾದಧೂಳಿಯಿಂದ. ಹೀಗೆ ಆ ರಾತ್ರಿಯ ಶಕ್ತಿ ಒಬ್ಬೊಬ್ಬರ ಹೆಸರಿಗೂ ಹಂಚಿಹೋಯಿತು. ಕೈಯೆತ್ತಿ ಕುಣಿದು, ದನಿಯೇರಿಸಿ ಇಳಿಸಿ, ಗಂಟೆಗಟ್ಟಲೆ ನಿಂತು ಅದನ್ನು ಮಾಡಿ ತೋರಿಸಿದ ದೇಹಕ್ಕೆ ಏನೂ ಉಳಿಯಲಿಲ್ಲ. ಒಬ್ಬ ಪತಿತೆ ತನ್ನ ಹಿಡಿತದಲ್ಲಿ ನಮ್ಮನ್ನು ಅಷ್ಟು ಹೊತ್ತು ಇಟ್ಟುಕೊಂಡಿದ್ದಳು ಎಂದು ಒಪ್ಪಿಕೊಳ್ಳುವುದಕ್ಕಿಂತ ಇದೆಲ್ಲ ಸುಲಭವಾಗಿತ್ತು.

ಮರುವರ್ಷ ನಡೆದದ್ದನ್ನು ಕೇಳಿ. 1885ರಲ್ಲಿ ಪರಮಹಂಸರು ಗಂಟಲಿನ ಕಾಯಿಲೆಯಿಂದ ಕಲ್ಕತ್ತೆಯ ಶ್ಯಾಮಪುಕುರದ ಮನೆಯಲ್ಲಿ ಮಲಗಿದ್ದರು. ಶಿಷ್ಯರು ಹೊರಗಿನವರನ್ನು ಬಿಡುತ್ತಿರಲಿಲ್ಲ, ನಟಿಯರನ್ನಂತೂ ಬಿಡುವ ಮಾತೇ ಇಲ್ಲ. ಬಿನೋದಿನಿಗೆ ಒಮ್ಮೆ ನೋಡಬೇಕು. ಗಿರೀಶರ ಗೆಳೆಯ ಕಾಳೀಪದ ಘೋಷ್ ಆಕೆಯನ್ನು ಕರೆದುಕೊಂಡು ಹೋದರು. ಆಕೆ ಕೋಟು ಪ್ಯಾಂಟು ಹ್ಯಾಟು ತೊಟ್ಟು ಯುರೋಪಿಯನ್ ಸಾಹೇಬರಾಗಿದ್ದರು. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಒಳಗೆ ಹೋಗಿ ಯಾರೆಂದು ತಿಳಿಸಿದಾಗ ಪರಮಹಂಸರು ಮನಸಾರೆ ನಕ್ಕರು, ಆಕೆಯ ಧೈರ್ಯ ಮತ್ತು ಭಕ್ತಿಯನ್ನು ಮೆಚ್ಚಿದರು. ಆಕೆ ಕಾಲ ಮೇಲೆ ತಲೆಯಿಟ್ಟು ಅತ್ತರು.

ಬಿನೋದಿನಿಯ ಅಭಿನಯ ಬದುಕಿನಲ್ಲಿ ಇದಕ್ಕಿಂತ ಮಹತ್ವದ ಪ್ರವೇಶ ನನಗೆ ಗೊತ್ತಿಲ್ಲ. ತನ್ನ ಚೈತನ್ಯನನ್ನು ನೋಡಿ ಸಮಾಧಿಗೆ ಹೋದವರ ಕೋಣೆಗೆ ಹೋಗಲು ಆಕೆ ಮತ್ತೆ ವೇಷ ಹಾಕಬೇಕಾಯಿತು. ಸಾಹೇಬರ ವೇಷಕ್ಕೆ ಬಾಗಿಲು ತೆರೆಯಿತು, ಆಕೆಯ ಸ್ವಂತ ಮುಖಕ್ಕೆ ತೆರೆಯುತ್ತಿರಲಿಲ್ಲ. ಆ ದಿನದ ಮೇಕಪ್ಪು, ನಡಿಗೆ, ಮೌನ ಎಲ್ಲವನ್ನೂ ಸಮೀಪದಿಂದ ನೋಡಿದವರು ಬಾಗಿಲು ಕಾಯುತ್ತಿದ್ದ ಶಿಷ್ಯರು. ಆಕೆಯ ವಿದ್ಯೆಯ ಮುಂದೆ ಅವರೂ ಸೋತರು.

1887ರ ಆರಂಭದಲ್ಲಿ ಬಿನೋದಿನಿ ರಂಗ ಬಿಟ್ಟರು. ಕಾರಣಗಳು ಹಲವು, ಸಂಗಾತಿಗಳ ಮೋಸದ ನೋವು ಅದರಲ್ಲಿ ದೊಡ್ಡದೆಂದು ಬರಹದಿಂದ ತಿಳಿಯುತ್ತದೆ. ಆಮೇಲೆ ಸಭ್ಯ ಮನೆತನದ ಒಬ್ಬರ ಆಶ್ರಯದಲ್ಲಿ ದೀರ್ಘಕಾಲ ಬಾಳಿದರು. ಒಬ್ಬಳು ಮಗಳು, ಶಕುಂತಲಾ. ಮಗಳನ್ನು ಶಾಲೆಗೆ ಸೇರಿಸಲು ಹೋದರೆ ತಾಯಿಯ ಹಿನ್ನೆಲೆ ನೋಡಿ ಸೇರಿಸಿಕೊಳ್ಳಲಿಲ್ಲ. ಆ ಮಗು ಹದಿಮೂರರ ಹೊತ್ತಿಗೆ ತೀರಿಕೊಂಡಿತು. ಶಾಲೆಯ ಬಾಗಿಲಲ್ಲಿ ಬೇಡವೆಂದವರ ಮನೆಗಳಲ್ಲಿ ‘ಚೈತನ್ಯ ಲೀಲಾ’ ನೋಡಿ ಅತ್ತವರು ಇದ್ದಿರಲಾರರೇ?

1912ರಲ್ಲಿ ‘ಆಮಾರ್ ಕಥಾ’ ಅಚ್ಚಾಯಿತು. ಭಾರತೀಯ ನಟಿಯೊಬ್ಬರು ಬರೆದ ಆತ್ಮಕಥೆಗಳಲ್ಲಿ ಇದು ತೀರ ಹಳೆಯವುಗಳ ಸಾಲಿನದು. ಪುಸ್ತಕದ ಉದ್ದಕ್ಕೂ ಆಕೆ ತನ್ನನ್ನು ಪತಿತೆ, ಭಾಗ್ಯಹೀನೆ ಎಂದು ಕರೆದುಕೊಳ್ಳುತ್ತಾರೆ. ಕೆಲವು ಓದುಗರಿಗೆ ಇದು ಬೇಸರ ತರಿಸಿದೆ, ಕೆಲವರು ಇದನ್ನೇ ಅಕ್ಷರಶಃ ಪಶ್ಚಾತ್ತಾಪವೆಂದು ಓದಿದ್ದಾರೆ. ನನ್ನ ಓದು ಬೇರೆ. ಅದೇ ಪುಸ್ತಕದಲ್ಲಿ ಆಕೆ ಯಾರು ಏನು ಮಾತು ಕೊಟ್ಟರು, ಎಷ್ಟು ರೂಪಾಯಿಯ ಮಾತಾಯಿತು, ಯಾರು ಹೇಗೆ ತಿರುಗಿಬಿದ್ದರು ಎಂಬುದನ್ನು ಒಂದೂ ಬಿಡದೆ ಬರೆಯುತ್ತಾರೆ. ಕತ್ತಲಲ್ಲಿ ಬಂದು ಹಗಲಲ್ಲಿ ಮುಖ ತಿರುಗಿಸುವ ಗಂಡಸರಲ್ಲವೇ ನಮ್ಮಂಥವರನ್ನು ಮಾಡಿದ್ದು ಎಂದು ನೇರವಾಗಿ ಕೇಳುತ್ತಾರೆ. ಪತಿತೆ ಎಂಬ ಮಾತು ಆಕೆ ಕಟ್ಟಿದ ಸುಂಕ. ಅದನ್ನು ಕಟ್ಟದೆ ಆ ಸಮಾಜ ಈ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಓದುಗರನ್ನು ಮೊದಲು ಕನಿಕರಕ್ಕೆ ತಂದು, ಕನಿಕರದ ಬಿಸಿ ಆರುವ ಮುನ್ನ ಆರೋಪ ಮುಂದಿಡುವುದು ನುರಿತ ನಟಿಯ ಲೆಕ್ಕಾಚಾರ.

ಆಕೆಯ ಗುರುವಿಗೂ ಇದರ ಕಸಿವಿಸಿ ತಟ್ಟಿತು. ಗಿರೀಶರು ಮುನ್ನುಡಿ ಬರೆದುಕೊಟ್ಟರು. ಬಿನೋದಿನಿ ಅದನ್ನು ಒಪ್ಪಲಿಲ್ಲ. ನಡೆದದ್ದೆಲ್ಲ ಅದರಲ್ಲಿಲ್ಲ, ಮತ್ತೆ ಬರೆದುಕೊಡಿ ಎಂದರು. ಸಾಯುವ ಮುನ್ನ ಬರೆಯುತ್ತೇನೆ ಎಂದ ಗಿರೀಶರು 1912ರ ಫೆಬ್ರವರಿಯಲ್ಲಿ ತೀರಿಕೊಂಡರು. ಮುಂದಿನ ಮುದ್ರಣದಲ್ಲಿ ಹಳೆಯ ಮುನ್ನುಡಿಯೇ ಸೇರಿತು. ಬಂಗಾಳಿ ರಂಗಭೂಮಿಯ ಪಿತಾಮಹನ ಬರಹವನ್ನು ಸಾಲದು ಎಂದು ಹಿಂದಿರುಗಿಸಿದ ಶಿಷ್ಯೆಯನ್ನು ಬರೀ ದುಃಖಿನಿಯಾಗಿ ಚಿತ್ರಿಸುವುದು ನನಗೆ ಒಪ್ಪಿಗೆಯಲ್ಲ.

2024ರ ಕೊನೆಯಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಕಲ್ಕತ್ತೆಯ ಸ್ಟಾರ್ ಥಿಯೇಟರಿಗೆ ಬಿನೋದಿನಿಯ ಹೆಸರಿಟ್ಟಿತು. 141 ವರ್ಷಗಳ ನಂತರ ಮಾತು ಉಳಿಯಿತೆಂದು ಪತ್ರಿಕೆಗಳು ಬರೆದವು. ಸಂತೋಷದ ಸುದ್ದಿಯೇ. ಆದರೆ ಈಗ ಹೆಸರು ಪಡೆದ ಹಾತಿಬಾಗಾನಿನ ಕಟ್ಟಡಕ್ಕೆ ಸ್ಟಾರ್ ಬಂದದ್ದು 1888ರಲ್ಲಿ, ಬಿನೋದಿನಿ ರಂಗ ಬಿಟ್ಟ ಮೇಲೆ. ಆಕೆ ಮಣ್ಣು ಹೊತ್ತ ಬೀಡನ್ ಸ್ಟ್ರೀಟಿನ ಥಿಯೇಟರ್ ರಸ್ತೆ ಮಾಡುವಾಗ ನೆಲಸಮವಾಗಿ ಹೋಯಿತು.

ನಮ್ಮ ಕಡೆಗೆ ಬರುತ್ತೇನೆ. ‘ಚೈತನ್ಯ ಲೀಲಾ’ ರಂಗಕ್ಕೆ ಬಂದ 1884ರಲ್ಲೇ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಅದರಲ್ಲಿ ಆಗ ಸ್ತ್ರೀಪಾತ್ರಗಳೂ ಗಂಡಸರವೇ. ಸುಂದರಮ್ಮ, ಬಿ. ಜಯಮ್ಮ ಅಂಥವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಹಲವು ದಶಕ ಉರುಳಿದ್ದವು. ಉತ್ತರ ಕರ್ನಾಟಕದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತದಾಟದಲ್ಲಿ ಊರೂರಿನ ಜನರನ್ನು ಬೆಳತನಕ ಕೂರಿಸಿದವರು. 1958ರಲ್ಲಿ ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಗಳೂ ಹೆಂಗಸರವೇ. ನಾಗರತ್ನಮ್ಮನವರು ಸ್ವತಃ ಕಂಸ, ರಾವಣ, ಭೀಮ, ದುರ್ಯೋಧನ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಬಿನೋದಿನಿಯ ಚೈತನ್ಯನ ಪಕ್ಕಕ್ಕೆ ನಾಗರತ್ನಮ್ಮನವರ ಕಂಸನನ್ನು ಇಟ್ಟು ನೋಡಿ. ಚೈತನ್ಯನ ಮುಂದೆ ಅತ್ತವರಿಗೆ ಭಕ್ತಿಯ ನೆಪವಿತ್ತು. ಕಂಸನಿಗೆ ಹೆದರಿದವರಿಗೆ ಅಂಥ ನೆಪ ಇಲ್ಲ. ಗದೆ ಹೊತ್ತು ಅಬ್ಬರಿಸುವ ಆ ದನಿಯ ಮುಂದೆ ಬೆಚ್ಚಿದರೆ, ಬೆಚ್ಚಿಸಿದ್ದು ಒಬ್ಬ ಹೆಂಗಸು ಎಂದು ಒಪ್ಪಲೇಬೇಕು. ಮಂಡಳಿಯ ಒಡೆತನವೂ ಅವರದೇ ಆಗಿತ್ತು ಎಂಬುದನ್ನು ಮರೆಯಬಾರದು. ಬಿನೋದಿನಿಗೆ ಕೈತಪ್ಪಿದ್ದು ಅದೇ.

ನಮ್ಮಲ್ಲಿ ಕಂಪನಿ ನಾಟಕದ ಹಿರಿಯ ನಟಿಯರನ್ನು ಸನ್ಮಾನಿಸುತ್ತೇವೆ, ಶಾಲು ಹೊದಿಸುತ್ತೇವೆ. ಮಾತಾಡಿಸುವಾಗ ಮಾತ್ರ ಬಡತನದ್ದೇ ಪ್ರಶ್ನೆ, ಗಂಡ ಬಿಟ್ಟದ್ದೇ ಪ್ರಶ್ನೆ, ಊರವರು ಏನೆಂದರು ಎಂಬುದೇ ಪ್ರಶ್ನೆ. ಅವರೂ ಸುಂಕ ಕಟ್ಟುವವರಂತೆ ಅದನ್ನೇ ಹೇಳಿ ಮುಗಿಸುತ್ತಾರೆ. ಈ ಸಭೆಯಲ್ಲಿ ಸಂಶೋಧನೆ ಮಾಡುವ ತರುಣ ತರುಣಿಯರು ಕೂತಿದ್ದೀರಿ. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಇವತ್ತಿಗೂ ಕಂಪನಿಗಳ ತಗಡಿನ ಥಿಯೇಟರುಗಳು ಏಳುತ್ತವೆ. ಅಲ್ಲಿಗೆ ಹೋಗಿ, ವಯಸ್ಸಾದ ನಟಿಯರ ಹತ್ತಿರ ಕೂತುಕೊಳ್ಳಿ. ಗದ್ದಲ ಮಾಡುವ ಹಿಂದಿನ ಸಾಲನ್ನು ಯಾವ ಮಾತಿನಿಂದ ಸುಮ್ಮನಾಗಿಸುತ್ತಿದ್ದಿರಿ, ಅಳಿಸುವ ಸೀನಿನಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದಿರಿ, ಒನ್ಸ್ ಮೋರ್ ಬಂದಾಗ ಎರಡನೆಯ ಸಲ ಏನು ಬದಲಿಸುತ್ತಿದ್ದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಪುಸ್ತಕವಾದಾಗ ಮುಖಪುಟದ ಮೇಲೆ ಅವರ ಹೆಸರನ್ನೇ ಹಾಕಿಸಿ.